ಬುದ್ಧಿಹಲ್ಲು ಕಿತ್ತ ಮೇಲೆ ಲೇಸರ್ ಏಕೆ?

ಜಯನಗರ, ಜೆ.ಪಿ. ನಗರಗಳಲ್ಲಿ ಒಂದು ಸುತ್ತು ಹಾಕಿದರೆ ಹಲ್ಲಿನ ಡಾಕ್ಟರರ ಬೋರ್ಡುಗಳಲ್ಲಿ ‘ಲೇಸರ್’ ಎಂಬ ಪದ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಬುದ್ಧಿಹಲ್ಲು ಹೊರಬರುವುದು ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ, ಅಂದರೆ ಕಾಲೇಜು ಓದುವ ವಯಸ್ಸಿನಲ್ಲೇ. ಜಾಗ ಸಾಲದಿದ್ದರೆ ಅದು ಓರೆಯಾಗಿ ಮೂಳೆಯೊಳಗೇ ಸಿಕ್ಕಿಕೊಳ್ಳುತ್ತದೆ. ತೊಂದರೆ ಕೊಟ್ಟರೆ ಕೀಳಿಸಬೇಕಾಗುತ್ತದೆ. ಪರೀಕ್ಷೆ ಹತ್ತಿರವಿರುವಾಗ ಊದಿದ ಕೆನ್ನೆ, ತೆರೆಯಲಾಗದ ಬಾಯಿ ಯಾರಿಗೆ ಬೇಕು? ‘ಲೇಸರ್ ಹಿಡಿಸಿದರೆ ಬೇಗ ವಾಸಿಯಾಗುತ್ತದಂತೆ’ ಎಂಬ ಮಾತು ಕಿವಿಗೆ ಹಿತವಾಗುವುದು ಆಗಲೇ. ಅದಕ್ಕೆ ಬೇರೆಯಾಗಿ ದುಡ್ಡು ಕೊಡಬೇಕಾಗಿ ಬಂದರೆ, ಏಕೆ ಕೊಡುತ್ತಿದ್ದೇವೆಂದು ತಿಳಿದಿರಬೇಕಲ್ಲವೇ?

ಲೇಸರ್ ಎಂದೊಡನೆ ಕೊಯ್ಯುವ, ಸುಡುವ ಕಿರಣವೇ ನೆನಪಾಗುತ್ತದೆ. ಅದೂ ಉಂಟು, ಅದರ ಸಾಮರ್ಥ್ಯ ವ್ಯಾಟ್‌ಗಳ ಲೆಕ್ಕದ್ದು. ಗಾಯ ಮಾಯಲೆಂದು ಬಳಸುವುದು ಸಾಮಾನ್ಯವಾಗಿ ಮಿಲಿವ್ಯಾಟ್‌ಗಳ ಲೆಕ್ಕದ ಮೃದು ಬೆಳಕು. ಸುಮಾರು 630ರಿಂದ 980 ನ್ಯಾನೋಮೀಟರ್ ತರಂಗಾಂತರದ ಈ ಕೆಂಪು ಇಲ್ಲವೇ ಅವಕೆಂಪು ಕಿರಣ ಅರೆವಾಹಕ ಡಯೋಡಿನಿಂದ ಹೊರಡುತ್ತದೆ. ಸಿ.ಡಿ. ಪ್ಲೇಯರಿನಲ್ಲಿ ಹಾಡು ಓದುವ 780 ನ್ಯಾನೋಮೀಟರಿನ ಲೇಸರ್ ಇದರ ದಾಯಾದಿಯೇ.

ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ್ದು 1960ರಲ್ಲಿ. ಏಳು ವರ್ಷಗಳ ನಂತರ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಲೇಸರಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಲಿಗಳಲ್ಲಿ ಪರೀಕ್ಷಿಸುತ್ತಿದ್ದರು. ಹುಡುಕಿದ್ದೊಂದು, ಸಿಕ್ಕಿದ್ದೊಂದು: ಕಿರಣ ಬಿದ್ದ ಇಲಿಗಳ ಬೋಳಿಸಿದ ಚರ್ಮದಲ್ಲಿ ಕೂದಲು ಬೇಗ ಬೆಳೆಯಿತು! ಈ ಚಿಕಿತ್ಸೆಯ ಬೇರು ಅಲ್ಲಿದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಬೆಳಕನ್ನು ಹೀರಿ, ಎ.ಟಿ.ಪಿ. ತಯಾರಿಯನ್ನು ಚುರುಕುಗೊಳಿಸುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಹಾಗಾದರೆ ಕಿತ್ತ ಹಲ್ಲಿನ ಗಾಯಕ್ಕೆ ಎಷ್ಟು ಪ್ರಯೋಜನ? ಪರೀಕ್ಷಿಸುವ ಒಂದು ಸೊಗಸಾದ ವಿಧಾನವಿದೆ. ಎರಡೂ ಕಡೆ ಬುದ್ಧಿಹಲ್ಲು ಕೀಳಿಸುವವರಲ್ಲಿ ಒಂದು ಬದಿಗೆ ನಿಜವಾದ ಲೇಸರ್. ಇನ್ನೊಂದು ಬದಿಗೆ ಸ್ವಿಚ್ ಹಾಕದ ಅದೇ ಯಂತ್ರ. ಯಾವುದು ಯಾವುದೆಂದು ರೋಗಿಗೆ ಗೊತ್ತಿರುವುದಿಲ್ಲ. ಬಾಚಿಹಲ್ಲುಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಬಾಯಿ ಎಷ್ಟು ತೆರೆಯುತ್ತದೆಂದು ನೋಡುತ್ತಾರೆ. ಇಂಥ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಬಾಯಿ ಬಿಗಿತ ತುಸು ಬೇಗ ಸಡಿಲಾದದ್ದು ಹಲವು ಕಡೆ ಕಂಡಿದೆ. ನೋವು, ಬಾವುಗಳ ವಿಷಯದಲ್ಲಿ ಕೆಲವರು ಹೌದೆಂದರೆ ಕೆಲವರು ವ್ಯತ್ಯಾಸವಿಲ್ಲವೆಂದಿದ್ದಾರೆ. ತರಂಗಾಂತರ, ಶಕ್ತಿ, ಸಮಯ ಒಬ್ಬೊಬ್ಬರದು ಒಂದೊಂದಾದದ್ದೂ ಇದಕ್ಕೆ ಕಾರಣ. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಬಾಯಿಹುಣ್ಣನ್ನು ತಡೆಯುವಲ್ಲಿ ಇದೇ ಬೆಳಕಿಗೆ ಇದಕ್ಕಿಂತ ಗಟ್ಟಿ ಆಧಾರವಿದೆ. ಬುದ್ಧಿಹಲ್ಲಿನ ಮಟ್ಟಿಗೆ ಇದು ಸಣ್ಣ ನೆರವು, ಅಷ್ಟೆ ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಕೆಲಸ ಮಾಡುವುದು ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತ. ಅದು ಕಳಚಿಬಿದ್ದರೆ ಮೂಳೆ ಬಯಲಾಗಿ, ಎರಡು-ಮೂರು ದಿನಗಳ ನಂತರ ಕಿವಿಯವರೆಗೂ ಸೆಳೆಯುವ ನೋವು ಶುರುವಾಗಬಹುದು. ಆದ್ದರಿಂದ ಮೊದಲ ದಿನ ಉಗುಳುವುದು, ಸ್ಟ್ರಾದಲ್ಲಿ ಎಳನೀರು ಹೀರುವುದು ಬೇಡ. ಸಿಗರೇಟಂತೂ ಕೂಡದು. ಅಂದು ಕೆನ್ನೆಗೆ ಹೊರಗಿನಿಂದ ಐಸ್. ಮರುದಿನದಿಂದ ಬೆಚ್ಚನೆಯ ಉಪ್ಪುನೀರು. ಬಾವು ಎರಡು-ಮೂರನೆಯ ದಿನ ಹೆಚ್ಚಾಗಿ ನಂತರ ಇಳಿಯುವುದು ಸಹಜ.

ಲೇಸರ್ ಬೇಕೆನಿಸಿದರೆ ವೈದ್ಯರನ್ನು ಕೇಳಿ: ಎಷ್ಟು ಸಲ, ಯಾವುದಕ್ಕಾಗಿ, ಶುಲ್ಕವೆಷ್ಟು? ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ದಂತ ಕಾಲೇಜು, ಕೋಟೆ ಬಳಿಯ ಸರ್ಕಾರಿ ದಂತ ಕಾಲೇಜು ಇವೆ. ಲೇಸರ್ ಹಿಡಿಯುವಾಗ ಕಣ್ಣಿಗೆ ಅದರದ್ದೇ ಕನ್ನಡಕ ಹಾಕಲೇಬೇಕು. ಅವಕೆಂಪು ಕಿರಣ ಕಣ್ಣಿಗೆ ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೂರನೆಯ ದಿನದ ನಂತರವೂ ನೋವು ಏರುತ್ತಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಲೇಸರಿಗೆ ಕಾಯದೆ ಹಲ್ಲು ಕಿತ್ತ ವೈದ್ಯರನ್ನೇ ಕೂಡಲೇ ಕಾಣಿ.