‘ಹೊರಗಿನವರು’ ಅಂದ್ರೆ ಯಾರು? ಸಿಮೆಂಟ್ ಊರುಗಳ ಹೈಸ್ಕೂಲ್ ಹುಡುಗರ ಮಾತಿನ ಹಿಂದಿರೋ ಸಂಗತಿ

ವಾಡಿ/ಸೇಡಂ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಹೈಸ್ಕೂಲ್, ಪಿಯು ಹುಡುಗರ ಬಾಯಲ್ಲಿ ‘ಬಿಹಾರಿ’ ಅನ್ನೋದು ಈಗ ಒಂದು ರಾಜ್ಯದವರ ಹೆಸರಾಗಿ ಉಳಿದಿಲ್ಲ. ಒಡಿಶಾದವರಿರಲಿ, ಜಾರ್ಖಂಡ್‌ನವರಿರಲಿ, ಸಿಮೆಂಟ್ ಫ್ಯಾಕ್ಟರಿ ಗೇಟಿನಿಂದ ಹೊರಬರುವ ಹೊರ ರಾಜ್ಯದ ಕೂಲಿಕಾರರೆಲ್ಲ ಬಿಹಾರಿಗಳೇ. ಜೊತೆಗೊಂದು ದೂರು: ‘ನಮ್ಮ ಕೆಲಸ ಅವರೇ ಕಸಗೊಂಡಾರ’.

ದೂರು ಪೂರಾ ಸುಳ್ಳಲ್ಲ. ಐಟಿಐ, ಡಿಗ್ರಿ ಮುಗಿಸಿ ಮನೆಯಲ್ಲಿ ಕುಂತವರು ಫ್ಯಾಕ್ಟರಿ ಸುತ್ತಲಿನ ಊರುಗಳಲ್ಲೇ ಇದ್ದಾರೆ. ಆದರೆ ಕೆಲಸ ಕೊಡೋರು ಯಾರು ಅನ್ನೋದನ್ನ ಹುಡುಗರು ಕೇಳೋದು ಕಮ್ಮಿ. ಲೋಡಿಂಗ್, ಪ್ಯಾಕಿಂಗ್, ಕಟ್ಟಡ ಕೆಲಸ, ಶಟ್‌ಡೌನ್ ರಿಪೇರಿ ಹೆಚ್ಚಾಗಿ ಗುತ್ತಿಗೆದಾರರ ಕೈಯಲ್ಲಿವೆ. ಹೊರಗಿಂದ ಬಂದವನು ತೊಗರಿ ರಾಶಿಗೆ, ಊರ ಜಾತ್ರೆಗೆ ರಜೆ ಕೇಳಲ್ಲ. ಹೆಚ್ಚು ಹೊತ್ತು ದುಡಿತಾನೆ. ಪಗಾರ ತಡವಾದ್ರೆ ಜಗಳಕ್ಕೆ ಜೊತೆಯಾಗಿ ನಿಲ್ಲೋ ಬಂಧು-ಬಳಗ ಇಲ್ಲಿಲ್ಲ. ಗುತ್ತಿಗೆದಾರನಿಗೆ ಬೇಕಾಗಿದ್ದೂ ಅದೇ. ಒಂದೇ ಕೆಲಸಕ್ಕೆ ಸ್ಥಳೀಯರಿಗಿಂತ ಕಮ್ಮಿ ಕೂಲಿ ಕೊಡುವಂತಿಲ್ಲ ಅಂತ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆ ಮಾತು ಜಾರಿಯಾಗದ ಕಡೆ ಅಗ್ಗದ ಕೂಲಿ ಗೆಲ್ಲುತ್ತೆ, ಬೈಗುಳ ಮಾತ್ರ ಕೂಲಿಯವನಿಗೆ ಬೀಳುತ್ತೆ.

ಇನ್ನೊಂದು ಗೊಂದಲ 371(ಜೆ) ಬಗ್ಗೆ. ಅದು ಇದ್ದೂ ಫ್ಯಾಕ್ಟರಿಯಲ್ಲಿ ನಮಗ್ಯಾಕೆ ಕೆಲಸ ಸಿಗಲ್ಲ ಅಂತ ಕೇಳೋರಿದ್ದಾರೆ. 371(ಜೆ) ಮೀಸಲಾತಿ ಇರೋದು ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಖಾಸಗಿ ಫ್ಯಾಕ್ಟರಿಗೆ ಅದು ತಟ್ಟಲ್ಲ. ಖಾಸಗಿಯಲ್ಲೂ ಸ್ಥಳೀಯರಿಗೆ ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಅನ್ನೋ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಎರಡೇ ದಿನದಲ್ಲಿ ಸರ್ಕಾರ ಅದನ್ನ ತಡೆಹಿಡಿಯಿತು.

ಇನ್ನು ಚಿಂಚೋಳಿ ಕಡೆ ಹೋದ್ರೆ ಚಿತ್ರ ತಿರುಗಿ ಬೀಳುತ್ತೆ. ಅಲ್ಲಿನ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗೋದು ಹೊಸದೇನಲ್ಲ. ಇಲ್ಲಿ ‘ಬಿಹಾರಿ’ ಅನ್ನೋ ಹುಡುಗನ ಅಪ್ಪನೋ ಕಾಕಾನೋ ಪುಣೆಯ ಬಿಲ್ಡಿಂಗ್ ಕೆಲಸದಲ್ಲಿ ಹೊರಗಿನವನೇ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ವಾಪಸ್ ಬಂದವರನ್ನ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದಾಗ ಸ್ವಂತ ಊರವರೇ ಅವರನ್ನ ಕಂಡು ಹೆದರಿದ್ದರು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ಮಕ್ಕಳೇ ಈಗಿನ ಎಸ್ಸೆಸ್ಸೆಲ್ಸಿ, ಪಿಯು ಹುಡುಗರು.

ಊರುಗಳ ಕಥೆಯೂ ಹಂಗೇ ಇದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ವಾಡಿ ಜಂಕ್ಷನ್ ಆಗಿದ್ದೇ ಅದರಿಂದ, ಕೆಲಸಕ್ಕೆ ನಾನಾ ಕಡೆಯ ಜನ ಬಂದಿದ್ದೂ ಅದರ ಹಿಂದೆಯೇ. ತಾಂಡೂರು, ಕೊಡಂಗಲ್ 1956ರ ನವೆಂಬರ್ 1ರವರೆಗೆ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಗೆರೆ ಆಚೀಚೆ ಆಗಿದ್ದಕ್ಕೆ ಸೇಡಂ ಸಂತೆಗೆ ಬರುವ ತಾಂಡೂರಿನವನು ಇವತ್ತು ಪರರಾಜ್ಯದವನು.

ಬೆಂಗಳೂರಿನಲ್ಲಿ ಜಗಳಕ್ಕೆ ಭಾಷೆ ಕಾರಣ ಅಂತಾರೆ, ಹುಡುಗರ ಮೊಬೈಲಿಗೆ ಬರೋ ರೀಲ್ಸೂ ಅವೇ. ನಮ್ಮ ಕಡೆ ಅದು ಅಷ್ಟು ನಡೆಯಲ್ಲ. ದಖನಿ ಗೊತ್ತಿಲ್ಲದ ಹುಡುಗ ಶಹಾಬಾದ್ ಬಜಾರಿನಲ್ಲಿ ಸಿಗೋದೇ ಅಪರೂಪ. ರೀಚಾರ್ಜ್ ಅಂಗಡಿ, ಕಿರಾಣಿ ಅಂಗಡಿಯಲ್ಲಿ ಇಬ್ಬರೂ ಒಂದೇ ಮಾತಲ್ಲಿ ವ್ಯವಹಾರ ಮಾಡ್ತಾರೆ. ಕೊರತೆ ಇರೋದು ಕೂಡಿ ಕುಂದ್ರೋದ್ರಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಬರೀ ಮುಖ ನೋಡೋದ್ರಿಂದ ಪೂರ್ವಗ್ರಹ ಹೋಗಲ್ಲ, ಸಮಾನರಾಗಿ ಒಂದೇ ಗುರಿಗೆ ಕೂಡಿ ದುಡಿದ್ರೆ ಕಮ್ಮಿಯಾಗುತ್ತೆ. ಕಬಡ್ಡಿ ಟೀಮು, ಒಂದೇ ಬೆಂಚು ಅಂದ್ರೆ ಅದೇ. ಬಾಡಿಗೆ ರೂಮಿನಲ್ಲಿ ಒಂಟಿಯಾಗಿರೋ ಗಂಡಾಳಿನ ಜೊತೆ ಹುಡುಗರಿಗೆ ಅಂಥ ಒಡನಾಟ ಎಲ್ಲಿ ಬರಬೇಕು? ಅದು ಆಗೋದು ಸಂಸಾರ ಕರ್ಕೊಂಡು ಬಂದವರ ಮಕ್ಕಳ ಜೊತೆ, ಶಾಲೆಯಲ್ಲಿ.

ಆ ಮಕ್ಕಳು ಶಾಲೆಗೆ ಸೇರದೇ ಉಳಿಯೋದಕ್ಕೆ ಕಾಗದಪತ್ರವೂ ಒಂದು ಕಾರಣ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿಸಿ ತಡವಾಯ್ತು, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಕಲಂ ಅದನ್ನೇ ಹೇಳುತ್ತವೆ. ಸೇರಿದ ಮೇಲೆ ಕನ್ನಡವನ್ನ ಒಂದು ಭಾಷೆಯಾಗಿ ಕಲಿಸೋದು 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಶಾಲೆಯ ಜವಾಬ್ದಾರಿ. ರೂಮು ಬಾಡಿಗೆ ಕೊಟ್ಟವರು, ಅಂಗಡಿಯವರು ಇಂಥ ಮಕ್ಕಳು ಮನೆಯಲ್ಲೇ ಉಳಿದಿದ್ದು ಕಂಡ್ರೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರ್‌ಗೆ ಹೇಳಬಹುದು. ಅಲ್ಲಿ ಆಗದಿದ್ರೆ ಬಿಇಒ ಕಚೇರಿಗೆ ಅರ್ಜಿ ಕೊಡಬಹುದು.