ಕಂಪ್ಯೂಟರಿಗೊಂದು ಜೊತೆಪೆಟ್ಟಿಗೆ: ಹಾರ್ಡ್ ಡಿಸ್ಕ್ ಕೊಳ್ಳುವವರಿಗೆ ಕೆಲವು ಮಾತು

೨೦೧೫ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಚೆನ್ನೈ ನಗರವನ್ನು ಮುಳುಗಿಸಿದ ಮಹಾಪೂರವು ಇಳಿದ ಬಳಿಕ, ತಮಿಳುನಾಡು ಸರಕಾರವು ವಿಶೇಷ ಶಿಬಿರಗಳನ್ನೇರ್ಪಡಿಸಿ, ನೀರುಪಾಲಾದ ಪ್ರಮಾಣಪತ್ರಗಳ ನಕಲುಗಳನ್ನು ಜನರಿಗೆ ಒದಗಿಸಿಕೊಟ್ಟಿತು. ಅದು ಸ್ತುತ್ಯವಾದ ಕಾರ್ಯ. ಆದರೆ ಶಾಲೆಯ ಅಂಕಪಟ್ಟಿಯ ನಕಲನ್ನು ಕೊಡಬಲ್ಲ ಸರಕಾರವು ತೀರಿಹೋದ ತಾಯಿಯ ಭಾವಚಿತ್ರದ ನಕಲನ್ನು ಕೊಡಲಾರದು. ಮಗುವಿನ ಮೊದಲ ತೊದಲುನುಡಿಯನ್ನು ಮರಳಿಸಲಾರದು. ಅಂಥವು ಕಂಪ್ಯೂಟರಿನೊಡನೆ ನೀರಿನಲ್ಲಿ ನೆನೆದುಹೋದ ಮೇಲೆ, ಬೇರೆಡೆಯಲ್ಲಿ ಇನ್ನೊಂದು ಪ್ರತಿ ಇದ್ದವರಿಗಷ್ಟೇ ಅವು ಉಳಿಯುತ್ತವೆ.

ಮತ್ತೆ ೨೦೨೩ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯು ಉತ್ತರ ಚೆನ್ನೈನ ತಗ್ಗು ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಲ್ಲಿಸಿತು. ಪೂರ್ವಕ್ಕೆ ಸಮುದ್ರವೇ ಮೇರೆಯಾಗಿರುವ ನಮ್ಮ ರಾಯಪುರಂನ ನಿವಾಸಿಗಳಿಗೆ ನೀರಿನ ಭಯವಾಗಲಿ ಉಪ್ಪುಗಾಳಿಯ ಕಾಟವಾಗಲಿ ಹೊಸತಲ್ಲ. ಹೀಗಿರಲಾಗಿ, ಮನೆಯ ಕಂಪ್ಯೂಟರಿನಲ್ಲಿರುವುದರ ಪ್ರತಿಯೊಂದನ್ನು ತೆಗೆದಿಡಲು ಎಂತಹ ಹಾರ್ಡ್ ಡಿಸ್ಕನ್ನು ಕೊಳ್ಳಬೇಕೆಂದು ವಿಚಾರಿಸುವ ಓದುಗರು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಈ ವಿಷಯದಲ್ಲಿ ನಮಗೆ ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಪ್ರತಿ ಏಕೆ ಬೇಕು?

ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೆ ಪ್ರತಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನದ ವ್ಯಾಪಾರವನ್ನು ಕಿರ್ದಿಯಲ್ಲಿ ಬರೆದು, ಅದನ್ನೇ ಖಾತೆ ಪುಸ್ತಕಕ್ಕೆ ಎತ್ತಿ ಬರೆಯುವುದು ನಮ್ಮ ಹಿರಿಯರ ಪದ್ಧತಿ. ಒಂದು ಪುಸ್ತಕಕ್ಕೆ ಹಾನಿಯಾದರೆ ಇನ್ನೊಂದರಿಂದ ಲೆಕ್ಕವು ಬಹುಮಟ್ಟಿಗೆ ಹೊರಡುತ್ತಿತ್ತು. ಇಂದು ಆ ಎರಡೂ ಪುಸ್ತಕಗಳು ಒಂದೇ ಕಂಪ್ಯೂಟರಿನೊಳಗೆ ಸೇರಿಕೊಂಡಿವೆ. ಜಿ.ಎಸ್.ಟಿ. ಕಾನೂನಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ ೭೨ ತಿಂಗಳ ತನಕ ಲೆಕ್ಕಪತ್ರಗಳನ್ನು ಕಾಪಾಡಬೇಕು. ಸಣ್ಣ ಹೋಟೆಲುಗಳ ಲೆಕ್ಕವನ್ನು ರಾತ್ರಿಯ ಹೊತ್ತು ಮನೆಯಲ್ಲಿ ಕುಳಿತು ಬರೆಯುವ ಗುಮಾಸ್ತ ಬಂಧುಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಒಂದೇ ಯಂತ್ರವು ಆರು ವರ್ಷ ಕೆಡದೆ ಉಳಿಯುವುದೆಂದು ನಂಬಿ ಕೂರುವುದು ವಿವೇಕವಲ್ಲ.

ಸರಕಾರಿ ಪತ್ರಗಳಿಗೆ ೨೦೧೫ರಲ್ಲಿ ಆರಂಭವಾದ ಡಿಜಿಲಾಕರ್ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದು ನಿಜ. ಗೂಗಲ್ ಖಾತೆಯಲ್ಲಿಯೂ ೧೫ ಗಿಗಾಬೈಟಿನಷ್ಟು ಸ್ಥಳವು ಉಚಿತವಾಗಿ ದೊರೆಯುತ್ತದೆ. ಆದರೆ ಮದುವೆಯ ಚಿತ್ರಗಳೂ ಮೊಬೈಲಿನ ವೀಡಿಯೋಗಳೂ ಸೇರಿದರೆ ಆ ಸ್ಥಳ ಬೇಗನೆ ತುಂಬಿಹೋಗುತ್ತದೆ. ಬಳಿಕ ತಿಂಗಳು ತಿಂಗಳು ಬಾಡಿಗೆ ತೆರಬೇಕು. ಒಮ್ಮೆ ಹಣ ಕೊಟ್ಟು ಕೊಂಡ ಹಾರ್ಡ್ ಡಿಸ್ಕು ನಮ್ಮ ಸ್ವಂತ ಸೊತ್ತು.

ಯಂತ್ರದ ಬಗೆ

ನಮ್ಮ ರಾಯಪುರಂ ರೈಲು ನಿಲ್ದಾಣವು ತೆರೆದದ್ದು ೧೮೫೬ರಲ್ಲಿ. ಸರಿಯಾಗಿ ಅದಕ್ಕೆ ನೂರು ತುಂಬಿದ ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿಯವರು ಪ್ರಪಂಚದ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದರು. ೨೪ ಅಂಗುಲ ಅಗಲದ ೫೦ ತಟ್ಟೆಗಳನ್ನು ಒಂದರ ಮೇಲೊಂದು ಪೋಣಿಸಿದ ಆ ಯಂತ್ರದ ತೂಕ ಒಂದು ಟನ್ನಿಗೂ ಮಿಗಿಲು. ಅದರಲ್ಲಿ ಹಿಡಿಯುತ್ತಿದ್ದುದಾದರೂ ೫೦ ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಹೆಚ್ಚುಕಡಿಮೆ ಅಷ್ಟು ಸ್ಥಳ ಬೇಕಾಗುತ್ತದೆ. ಈಗಿನ ಹಾರ್ಡ್ ಡಿಸ್ಕು ಅಂಗಿಯ ಜೇಬಿನಲ್ಲಿ ಹಿಡಿಯುವಂಥದು. ಆದರೂ ಒಳಗಿನ ತತ್ತ್ವ ಅದೇ: ತಟ್ಟೆಯು ನಿಮಿಷಕ್ಕೆ ಸಾಮಾನ್ಯವಾಗಿ ೫೪೦೦ ಸುತ್ತು ತಿರುಗುತ್ತದೆ, ಅದರ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದಂಶಕ್ಕೂ ಕಡಿಮೆ ಅಂತರದಲ್ಲಿ, ಓದುವ ಮುಳ್ಳು ಓಡಾಡುತ್ತದೆ. ಆದುದರಿಂದ ಅದು ತಿರುಗುತ್ತಿರುವಾಗ ಕೈಜಾರಿ ಬಿದ್ದರೆ ತಟ್ಟೆ ಗೀಚಿಹೋಗುವ ಸಂಭವ ಬಹಳ.

ಎಸ್.ಎಸ್.ಡಿ. ಎಂಬ ಇನ್ನೊಂದು ಬಗೆಯಿದೆ. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಬಿದ್ದರೂ ಅಷ್ಟಾಗಿ ಅಪಾಯವಿಲ್ಲ, ವೇಗವೂ ಅಧಿಕ, ಬೆಲೆಯೂ ಅಧಿಕ. ಆದರೆ ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಅದರೊಳಗಿನ ಬರಹ ಕ್ರಮೇಣ ಅಳಿಯುವ ಸಾಧ್ಯತೆಯುಂಟು. ದಿನವೂ ಚೀಲದಲ್ಲಿ ಹೊತ್ತು ತಿರುಗುವವರಿಗೆ ಎಸ್.ಎಸ್.ಡಿ. ಯೋಗ್ಯ, ತಿಂಗಳಿಗೊಮ್ಮೆ ತುಂಬಿ ಕಪಾಟಿನಲ್ಲಿಡುವ ಗೃಹಸ್ಥರಿಗೆ ಸಾಮಾನ್ಯ ಹಾರ್ಡ್ ಡಿಸ್ಕು ಸಾಕು. ಅದರಲ್ಲಿಯೂ ಪ್ರತ್ಯೇಕ ವಿದ್ಯುತ್ ಪ್ಲಗ್ ಬೇಡದ, ಯು.ಎಸ್.ಬಿ. ತಂತಿಯಿಂದಲೇ ನಡೆಯುವ ಚಿಕ್ಕದನ್ನು ಆರಿಸಿಕೊಳ್ಳುವುದು ಮೇಲು.

ಎಷ್ಟು ಹಿಡಿಯುವಂಥದು?

ಅಂಗಡಿಯವರು ೪ ಟೆರಾಬೈಟ್, ೫ ಟೆರಾಬೈಟ್ ಎಂದು ಆಸೆ ಹುಟ್ಟಿಸುತ್ತಾರೆ. ನಾವು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕೋಣ. ಒಂದು ಚಿತ್ರಕ್ಕೆ ೪ ಮೆಗಾಬೈಟಿನಂತೆ ೧೦,೦೦೦ ಚಿತ್ರಗಳಿಗೆ ೪೦ ಗಿಗಾಬೈಟ್. ವೀಡಿಯೋ ನಿಮಿಷಕ್ಕೆ ಸುಮಾರು ೧೦೦ ಮೆಗಾಬೈಟಿನಂತೆ ಹತ್ತು ಗಂಟೆಗೆ ೬೦ ಗಿಗಾಬೈಟ್. ಒಟ್ಟು ೧೦೦ ಗಿಗಾಬೈಟ್. ಹೋಟೆಲಿನ ಹಲವಾರು ವರ್ಷಗಳ ಲೆಕ್ಕಪತ್ರ ಇದರ ಮುಂದೆ ಏನೂ ಅಲ್ಲ. ೧ ಟೆರಾಬೈಟ್ ಎಂದರೆ ೧,೦೦೦ ಗಿಗಾಬೈಟ್. ನಮ್ಮಂಥವರ ಸಂಸಾರಕ್ಕೆ ಅದು ಅನೇಕ ವರ್ಷ ಸಾಕು.

ಅದನ್ನು ಜೋಡಿಸಿದಾಗ ವಿಂಡೋಸ್ ಕಂಪ್ಯೂಟರು ೯೩೧ ಗಿಗಾಬೈಟ್ ಎಂದು ತೋರಿಸುವುದನ್ನು ಕಂಡು ಗಾಬರಿಪಡಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ ೧೦೨೪ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ.

ನಿಜವಾದ ಮೋಸ ಬೇರೆಯೇ ಇದೆ. ೧೬ ಟೆರಾಬೈಟಿನ ಎಸ್.ಎಸ್.ಡಿ. ಎಂದು ಹೆಸರಿಟ್ಟು, ನಂಬಲಾಗದಷ್ಟು ಅಗ್ಗದ ಬೆಲೆಗೆ ಮಾರುವ ಪೆಟ್ಟಿಗೆಗಳುಂಟು. ಒಳಗೆ ಇರುವುದು ಚಿಕ್ಕದೊಂದು ಮೆಮೊರಿ ಕಾರ್ಡು. ಅಷ್ಟೂ ಸ್ಥಳವಿರುವಂತೆ ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ತುಂಬಿದ ಮೇಲೆ ಹಾಕಿದ್ದೆಲ್ಲ ನಷ್ಟ. ಇಂದು ತಟ್ಟೆಯ ಹಾರ್ಡ್ ಡಿಸ್ಕನ್ನು ತಯಾರಿಸುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ ಕಂಪೆನಿಯವರು. ಈ ಮೂವರಲ್ಲಿ ಯಾರದ್ದಾದರೂ ಆಗಬಹುದು. ಅಣ್ಣಾ ಸಾಲೆಯ ಪಕ್ಕದ ರಿಚಿ ಸ್ಟ್ರೀಟಿನಲ್ಲಿ ಕೊಂಡರೂ ಸರಿ, ಬೇರೆಲ್ಲಿ ಕೊಂಡರೂ ಸರಿ, ಮುದ್ರೆಯೊಡೆಯದ ಪೆಟ್ಟಿಗೆಯನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ. ಗ್ಯಾರಂಟಿಯೆಂಬುದು ಯಂತ್ರಕ್ಕೆ ಮಾತ್ರ. ಕೆಟ್ಟರೆ ಹೊಸ ಯಂತ್ರ ಕೊಡುವರೇ ಹೊರತು ಒಳಗಿದ್ದ ಚಿತ್ರಗಳನ್ನು ಕೊಡುವುದಿಲ್ಲ.

ಇನ್ನು ಎರಡು ಸಣ್ಣ ಸಂಗತಿಗಳು. ಯು.ಎಸ್.ಬಿ. ೩.೦ ಇರುವುದನ್ನೇ ಕೊಂಡು, ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನೀಲಿ ಬಣ್ಣದ ಪಟ್ಟಿಯಿರುವ ಕಿಂಡಿಗೆ ಸಿಕ್ಕಿಸಬೇಕು. ಹಳೆಯ ೨.೦ ಕಿಂಡಿಯಲ್ಲಿ ೧೦೦ ಗಿಗಾಬೈಟ್ ಇಳಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿದರೆ, ಇದರಲ್ಲಿ ದೊಡ್ಡ ಕಡತಗಳಾದಲ್ಲಿ ಇಪ್ಪತ್ತು ನಿಮಿಷದೊಳಗೆ ಮುಗಿದೀತು. ಮನೆಯಲ್ಲಿ ಒಬ್ಬರದು ವಿಂಡೋಸ್, ಇನ್ನೊಬ್ಬರದು ಮ್ಯಾಕ್ ಆಗಿದ್ದರೆ, ಹೊಸ ಡಿಸ್ಕನ್ನು ಮೊದಲೇ ಎಕ್ಸ್‌ಫ್ಯಾಟ್ ಎಂಬ ಕ್ರಮಕ್ಕೆ ಫಾರ್ಮ್ಯಾಟ್ ಮಾಡಬೇಕು. ಎರಡೂ ಅದರಲ್ಲಿ ಓದಿ ಬರೆಯಬಲ್ಲವು. ತುಂಬಿದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಇದ್ದುದೆಲ್ಲ ಹೋಗುವುದೆಂಬುದನ್ನು ಮಾತ್ರ ಮರೆಯಬಾರದು.

ದೊಡ್ಡದೊಂದು ಬೇಡ, ಚಿಕ್ಕವೆರಡು ಇರಲಿ

ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪೆನಿಯವರು ಲಕ್ಷಗಟ್ಟಲೆ ಹಾರ್ಡ್ ಡಿಸ್ಕುಗಳನ್ನು ನಡೆಸಿ, ಕೆಟ್ಟವುಗಳ ಲೆಕ್ಕವನ್ನು ಪ್ರಕಟಿಸುತ್ತಾರೆ. ತಂಪಾದ ಕೋಣೆಯಲ್ಲಿ ಅಲುಗದೆ ಕುಳಿತ ಆ ಡಿಸ್ಕುಗಳಲ್ಲಿಯೇ ವರ್ಷಕ್ಕೆ ನೂರರಲ್ಲಿ ಒಂದೆರಡು ಕೆಡುತ್ತವೆ. ಯಾವುದು ಕೆಡುವುದೆಂದು ಮೊದಲೇ ಹೇಳಬಲ್ಲವರಿಲ್ಲ. ಆದ ಕಾರಣ ೪ ಟೆರಾಬೈಟಿನದೊಂದಕ್ಕೆ ಹಣ ಸುರಿಯುವ ಬದಲು, ೧ ಟೆರಾಬೈಟಿನ ಎರಡನ್ನು ಕೊಳ್ಳಿರೆಂಬುದೇ ಈ ಲೇಖನದ ಮುಖ್ಯ ಸಲಹೆ.

ಎರಡನ್ನೂ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟರೆ ಪ್ರಯೋಜನವಿಲ್ಲ. ನೀರಾಗಲಿ ಬೆಂಕಿಯಾಗಲಿ ಕಳ್ಳನಾಗಲಿ ಮೂರನ್ನೂ ಒಟ್ಟಿಗೇ ಒಯ್ಯುವುದು. ಈ ವಿಷಯದಲ್ಲಿ ಪರಸ್ಥಳದಲ್ಲಿ ಬಾಳುವ ನಮ್ಮ ಜನರಿಗೆ ಸ್ಥಳೀಯರಿಗಿಲ್ಲದ ಒಂದು ಅನುಕೂಲವಿದೆ. ನಮಗೆ ದುಡಿಯುವ ಊರೊಂದು, ಹುಟ್ಟಿದ ಊರೊಂದು. ಒಂದು ಡಿಸ್ಕು ರಾಯಪುರಂನ ಮನೆಯಲ್ಲಿರಲಿ. ಇನ್ನೊಂದು ಕುಂದಾಪುರದಲ್ಲೋ ಉಡುಪಿಯಲ್ಲೋ ಇರುವ ಮೂಲಮನೆಯ ಕಪಾಟಿನಲ್ಲಿರಲಿ. ವರ್ಷಕ್ಕೊಮ್ಮೆ ಮಂಗಳೂರು ಮೇಲಿನಲ್ಲಿ ಊರಿಗೆ ಹೋಗುವಾಗ, ಇಲ್ಲಿ ಹೊಸದಾಗಿ ತುಂಬಿದ್ದನ್ನು ಒಯ್ದಿಟ್ಟು, ಅಲ್ಲಿದ್ದುದನ್ನು ತಂದರಾಯಿತು. ಪಂಚೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಚೆನ್ನೈಯ ನೀರೂ ಕರಾವಳಿಯ ಮಳೆಯೂ ಒಂದೇ ದಿನ ಎರಡು ಮನೆಗಳನ್ನು ಹೊಗುವುದು ಅಪರೂಪವಷ್ಟೆ.

ಇಲ್ಲಿ ಉಳಿದದ್ದನ್ನು ನೆಲದ ಮೇಲಾಗಲಿ ಮಂಚದ ಕೆಳಗಾಗಲಿ ಇಡದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಅಟ್ಟದ ಮೇಲಿಡುವುದು ಉತ್ತಮ.

ಪ್ರತಿ ಮಾಡಿ ಮುಗಿದ ಕೂಡಲೆ ತಂತಿಯನ್ನು ಬಿಚ್ಚಿಡಬೇಕು. ೨೦೧೭ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಮು ಅನೇಕ ದೇಶಗಳ ಕಂಪ್ಯೂಟರುಗಳಲ್ಲಿದ್ದ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಅದಕ್ಕೆ ಸಿಕ್ಕಿ ತೊಳಲಿದವು. ಅಂತಹ ಪಿಡುಗು ಕಂಪ್ಯೂಟರಿಗೆ ಜೋಡಿಸಿರುವ ಡಿಸ್ಕನ್ನೂ ಬಿಡುವುದಿಲ್ಲ. ಬಿಚ್ಚಿಟ್ಟದ್ದನ್ನು ಅದು ಮುಟ್ಟಲಾರದು.

ನಿಯಮ ಮುಖ್ಯ

ಕೊಂಡ ಡಿಸ್ಕು ಪೆಟ್ಟಿಗೆಯಲ್ಲೇ ಮಲಗಿದ್ದರೆ ಕೊಂಡೂ ಕೊಳ್ಳದಂತೆಯೇ. ಸಂಬಳ ಕೈಸೇರಿದ ನಂತರದ ಮೊದಲ ರಜಾ ದಿನವನ್ನು ಇದಕ್ಕಾಗಿ ಗೊತ್ತುಮಾಡಿಕೊಳ್ಳಬಹುದು. ವಿಂಡೋಸಿನಲ್ಲಿ ಫೈಲ್ ಹಿಸ್ಟರಿ, ಮ್ಯಾಕಿನಲ್ಲಿ ಟೈಮ್ ಮಶೀನ್ ಎಂಬ ಏರ್ಪಾಡುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಟೈಮ್ ಮಶೀನಿಗಾದರೆ ಪ್ರತ್ಯೇಕ ಡಿಸ್ಕನ್ನೇ ಬಿಟ್ಟುಕೊಡುವುದು ಕ್ಷೇಮ. ಅವು ಕಷ್ಟವೆನಿಸಿದವರು ಬೇಕಾದ ಕಡತಗಳನ್ನು ಆರಿಸಿ ಕಾಪಿ ಮಾಡಿದರೂ ಸಾಕು. ಅನಂತರ ನಾಲ್ಕಾರು ಚಿತ್ರಗಳನ್ನೂ ಒಂದೆರಡು ಲೆಕ್ಕದ ಹಾಳೆಗಳನ್ನೂ ಆ ಡಿಸ್ಕಿನಿಂದಲೇ ತೆರೆದು ನೋಡಬೇಕು. ತೆರೆಯದ ಪ್ರತಿ ಪ್ರತಿಯಲ್ಲ. ತಾರೀಕನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಬೇಕು. ಡಿಸ್ಕಿಗೆ ಪಾಸ್‌ವರ್ಡ್ ಹಾಕುವವರು ಅದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಯಜಮಾನನೊಡನೆ ಪಾಸ್‌ವರ್ಡೂ ಹೋದರೆ ಹೆಂಡತಿ ಮಕ್ಕಳಿಗೆ ಉಳಿಯುವುದು ಬರಿಯ ಪೆಟ್ಟಿಗೆ.

ಎರಡು ಡಿಸ್ಕುಗಳ ಬೆಲೆಯನ್ನು ಒಮ್ಮೆಗೇ ಹೊಂದಿಸುವುದು ಮಾಣಿಗಳಿಗೂ ಗುಮಾಸ್ತರಿಗೂ ಸುಲಭವಲ್ಲವೆಂಬುದನ್ನು ಬಲ್ಲೆವು. ಒಂದನ್ನು ಈ ತಿಂಗಳ ಸಂಬಳದಲ್ಲಿ ಕೊಂಡು, ಇನ್ನೊಂದನ್ನು ದೀಪಾವಳಿಯ ಬೋನಸಿಗೆ ಬಿಟ್ಟುಕೊಳ್ಳಬಹುದು. ಈಶಾನ್ಯ ಮಾರುತದ ಮಳೆ ಅಕ್ಟೋಬರಿನಲ್ಲಿ ಆರಂಭವಾಗುವುದು ವಾಡಿಕೆ. ಮೊದಲನೆಯದಾದರೂ ಅದಕ್ಕೆ ಮುಂಚೆ ಮನೆಗೆ ಬಂದಿರಲೆಂದು ನಮ್ಮ ಬಿನ್ನಹ.