ಹೆಣ್ಣು ಹಕ್ಕಿಯ ಬಣ್ಣ ಯಾರಿಗಾಗಿ?

ಹಿತ್ತಿಲಲ್ಲಿ ಮೇಯುವ ಕೋಳಿಗಳನ್ನೇ ನೋಡಿ. ಹುಂಜನಿಗೆ ಮಿರುಗುವ ಗರಿ, ಬಾಗಿದ ಬಾಲ. ಹೇಂಟೆಗೆ ಮಣ್ಣಿನ ಬಣ್ಣ. ನವಿಲಿನದೂ ಇದೇ ಕಥೆ. ಹೆಣ್ಣನ್ನು ಒಲಿಸಿಕೊಳ್ಳಲು ಗಂಡಿಗೆ ಚೆಲುವು ಬೇಕು ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಹೆಣ್ಣೇ ಬಣ್ಣ ತೊಟ್ಟರೆ ಅದು ಯಾರಿಗಾಗಿ?

ಚರ್ಚೆ ಹಳೆಯದು. ಹೆಣ್ಣು ಮೆಚ್ಚಿದ ಗಂಡನ್ನೇ ಆರಿಸುವುದರಿಂದ ತಲೆಮಾರು ಕಳೆದಂತೆ ಗಂಡಿನ ಬಣ್ಣ ಹೆಚ್ಚುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ವಾದಿಸಿದ. ಅವನ ಸಮಕಾಲೀನ ಆಲ್ಫ್ರೆಡ್ ವಾಲೇಸ್ ಹೆಣ್ಣಿನ ಕಡೆ ನೋಡಿದ. ತೆರೆದ ಗೂಡಿನಲ್ಲಿ ಕಾವು ಕೂರುವ ತಾಯಿಗೆ ಮಾಸಲು ಬಣ್ಣವೇ ರಕ್ಷೆ; ಪೊಟರೆಯೊಳಗೆ ಮರೆಯಾಗಿ ಕೂರುವ ಜಾತಿಗಳಲ್ಲಿ ಹೆಣ್ಣಿಗೂ ಬಣ್ಣ ಉಳಿಯುತ್ತದೆ ಎಂದ. ಆದರೆ ಆ ಬಣ್ಣದಿಂದ ಹೆಣ್ಣಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು.

ನ್ಯೂಗಿನಿ ಮತ್ತು ಆಸ್ಟ್ರೇಲಿಯದ ಈಶಾನ್ಯ ತುದಿಯ ಕೇಪ್ ಯಾರ್ಕ್ ಕಾಡುಗಳಲ್ಲಿ ಎಕ್ಲೆಕ್ಟಸ್ ಎಂಬ ಗಿಣಿಯಿದೆ. ಗಂಡು ಹಚ್ಚ ಹಸಿರು, ಹೆಣ್ಣು ಕೆಂಪು-ನೀಲಿ. ಇವೆರಡೂ ಬೇರೆ ಬೇರೆ ಜಾತಿಯೆಂದೇ 19ನೇ ಶತಮಾನದ ಯುರೋಪಿನ ಪಂಡಿತರು ಬರೆದಿಟ್ಟಿದ್ದರು! ರಾಬರ್ಟ್ ಹೈನ್‌ಸೋನ್ ಮತ್ತು ಸಂಗಡಿಗರು ಕೇಪ್ ಯಾರ್ಕ್‌ನಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿ 2005ರಲ್ಲಿ ಕಾರಣ ವಿವರಿಸಿದರು. ಗೂಡಿಗೆ ತಕ್ಕ ಪೊಟರೆ ಆ ಕಾಡಿನಲ್ಲಿ ಬಲು ಅಪರೂಪ. ಸಿಕ್ಕಿದ ಪೊಟರೆಯನ್ನು ಹೆಣ್ಣು ವರ್ಷದ ಬಹುಪಾಲು ಬಿಟ್ಟು ಕದಲುವುದಿಲ್ಲ. ಗಂಡುಗಳೇ ಆಹಾರ ತಂದು ಉಣಿಸುತ್ತವೆ. ಪೊಟರೆಗಾಗಿ ಹೆಣ್ಣುಗಳ ನಡುವೆ ನಡೆಯುವ ಜಗಳ ಕೆಲವೊಮ್ಮೆ ಸಾವಿನಲ್ಲಿ ಮುಗಿಯುವುದುಂಟು. ಹೀಗಿರುವಾಗ ಮರದ ಬಾಯಲ್ಲಿ ದೂರದಿಂದಲೇ ಕಾಣುವ ಕೆಂಪು, 'ಇಲ್ಲಿ ಒಡತಿಯಿದ್ದಾಳೆ' ಎಂದು ಉಳಿದ ಹೆಣ್ಣುಗಳಿಗೆ ಸಾರುತ್ತದೆ. ಅಪಾಯ ಬಂದರೆ ಅಡಗಲು ಪೊಟರೆ ಇದ್ದೇ ಇದೆ. ಆಹಾರಕ್ಕಾಗಿ ಅಲೆಯುವ ಗಂಡಿಗೆ ಆ ಆಸರೆಯಿಲ್ಲ. ಎಲೆಗಳ ನಡುವೆ ಅದನ್ನು ಮರೆಮಾಡುವುದು ಹಸಿರು.

ಪನಾಮಾದ ಒಂದು ಹಮ್ಮಿಂಗ್‌ಬರ್ಡ್‌ನ ಕಥೆ ಇನ್ನೂ ಸ್ವಾರಸ್ಯದ್ದು. ನಮ್ಮ ಸೂರಕ್ಕಿಯಂತೆ ಇದೂ ಮಕರಂದ ಹೀರುವ ಹಕ್ಕಿ. ಹೆಸರು ಬಿಳಿಕತ್ತಿನ ಜಾಕೊಬಿನ್. ಗಂಡಿಗೆ ಹೊಳೆವ ನೀಲಿ ತಲೆ, ಬಿಳಿ ಬಾಲ. ಹೆಣ್ಣು ಸಾಮಾನ್ಯವಾಗಿ ಮಾಸಲು ಹಸಿರು. ಆದರೆ ಎಳೆಯ ಹೆಣ್ಣುಗಳೆಲ್ಲವೂ ಗಂಡಿನ ಬಣ್ಣದಲ್ಲೇ ಇರುತ್ತವೆ. ಬೆಳೆದ ಮೇಲೂ ಐದರಲ್ಲಿ ಒಂದು ಅದನ್ನು ಉಳಿಸಿಕೊಳ್ಳುತ್ತದೆ.

ಇದು ಗಂಡನ್ನು ಸೆಳೆಯಲೋ? ಜೇ ಫಾಕ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳ ಚರ್ಮಕ್ಕೆ ಹುರಿತುಂಬಿ ಮಾಡಿದ ಬೊಂಬೆಗಳನ್ನು ಸಕ್ಕರೆ ನೀರಿನ ಬಟ್ಟಲುಗಳ ಬಳಿ ಇಟ್ಟು ನೋಡಿದರು. ಗಂಡುಗಳು ಹೆಚ್ಚಾಗಿ ಒಲಿದದ್ದು ಮಾಸಲು ಬಣ್ಣದ ಹೆಣ್ಣಿಗೆ! ಕಾದಾಟ, ಕಿರುಕುಳಗಳೂ ಹೆಚ್ಚಾಗಿ ಅದಕ್ಕೇ. ಮೈಗೆ ವಿದ್ಯುನ್ಮಾನ ಗುರುತು ಅಳವಡಿಸಿದ ಜೀವಂತ ಹಕ್ಕಿಗಳಲ್ಲೂ, ಗಂಡಿನ ವೇಷದ ಹೆಣ್ಣುಗಳು ಬಟ್ಟಲಲ್ಲಿ ಹೆಚ್ಚು ಹೊತ್ತು ಉಣ್ಣುತ್ತಿದ್ದವು. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಇಷ್ಟು: ಆ ವೇಷ ಒಲವಿಗಲ್ಲ, ನೆಮ್ಮದಿಯ ಊಟಕ್ಕೆ. ಕ್ಷಣಕ್ಷಣಕ್ಕೂ ಮಕರಂದ ಬೇಡುವ ಪುಟ್ಟ ಮೈಗೆ ಅದು ಜೀವನ್ಮರಣದ ಪ್ರಶ್ನೆ.

ಉಷ್ಣವಲಯದಲ್ಲಿ ಅನೇಕ ಹಕ್ಕಿಗಳು ವರ್ಷವಿಡೀ ಒಂದೇ ಜಾಗದಲ್ಲಿ ನೆಲೆಸುತ್ತವೆ. ಅಲ್ಲಿ ನೆಲೆ ಮತ್ತು ಆಹಾರ ಕಾಯುವ ಹೊಣೆ ಹೆಣ್ಣಿಗೂ ಉಂಟು. ಗುಬ್ಬಿ, ಕಾಗೆಗಳು ಸೇರಿದ ದೊಡ್ಡ ಬಳಗದ ಸುಮಾರು 6 ಸಾವಿರ ಜಾತಿಗಳನ್ನು ಹೋಲಿಸಿದ 2015ರ ಅಧ್ಯಯನವೂ, ಉಷ್ಣವಲಯದ ಬದುಕಿಗೂ ಹೆಣ್ಣಿನ ಬಣ್ಣಕ್ಕೂ ನಂಟಿದೆಯೆಂದು ತೋರಿಸಿದೆ.

ನಮ್ಮ ಊರ ಆಲದ ಮರದಲ್ಲಿ 'ಟುಕ್ ಟುಕ್' ಎನ್ನುವ ಚೆಂಬುಕುಟಿಗದಲ್ಲಿ ಗಂಡಿಗೂ ಹೆಣ್ಣಿಗೂ ಹಣೆಯ ಕೆಂಪು ಒಂದೇ. ಪೊಟರೆ ಕೊರೆದು ಬಾಳುವ ಹಕ್ಕಿ ಅದು. ಮುಂದಿನ ಸಲ ಕಂಡಾಗ, ಆ ಕೆಂಪು ಯಾರನ್ನು ಒಲಿಸಲು ಎಂದಷ್ಟೇ ಕೇಳದೆ, ಯಾರನ್ನು ದೂರವಿಡಲು ಎಂದೂ ಕೇಳಿನೋಡಬಹುದು.